ಡಿಸ್‌ಪ್ಲೇ ತೆರೆಯುತ್ತಿಲ್ಲ, ಆಮೇಲೆ ಬನ್ನಿ

ಒಂದೂರಿನ ಯಂತ್ರದಲ್ಲಿ ಓಡುವ ಪ್ರೋಗ್ರಾಮಿನ ಕಿಟಕಿಯನ್ನು ಇನ್ನೊಂದೂರಿನ ಪರದೆಯ ಮೇಲೆ ತೆರೆಯುವ 'ಎಕ್ಸ್' ವ್ಯವಸ್ಥೆ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು 1984ರಲ್ಲಿ. ಇಂದಿಗೂ ಬಳಕೆಯಲ್ಲಿರುವ ಹನ್ನೊಂದನೆಯ ಆವೃತ್ತಿ ಬಂದದ್ದು 1987ರಲ್ಲಿ. ಅಂದರೆ ಇದನ್ನು ಕಲಿಯಲು ಕಲಬುರಗಿಯ ಕಂಪ್ಯೂಟರ್ ಲ್ಯಾಬುಗಳಿಗೆ ಇಲ್ಲಿಯವರೆಗೆ ಸಿಕ್ಕಿರುವುದು ಬರೀ ನಾಲ್ಕು ದಶಕ. ಅವಸರ ಮಾಡಬಾರದು.

ಕಮಲಾಪುರದ ಹುಡುಗ ಮನೆಯಿಂದ ಕಾಲೇಜಿನ ಲಿನಕ್ಸ್ ಯಂತ್ರಕ್ಕೆ ಲಾಗಿನ್ ಆಗಿ ಲ್ಯಾಬಿಗೆ ಫೋನ್ ಹಚ್ಚುತ್ತಾನೆ.

"ಸರ, 'ಕಾಂಟ್ ಓಪನ್ ಡಿಸ್‌ಪ್ಲೇ' ಅಂತ ಬರ್ಲತ್ತದ್ರಿ."

"ನಿಂದು ಡಿಸ್‌ಪ್ಲೇ ಕೆಟ್ಟದ. ಮಾನಿಟರ್ ಬದಲಿ ಮಾಡು."

"ಲ್ಯಾಪ್‌ಟಾಪ್ ಅದರಿ ಸರ."

"ಹಂಗಾದ್ರ ಒಮ್ಮಿ ಬಂದ್ ಮಾಡಿ ಚಾಲೂ ಮಾಡಪಾ."

ಎಕ್ಸ್ ಲೋಕದ ಲೆಕ್ಕವೇ ಬೇರೆ. ಪರದೆ, ಕೀಲಿಮಣೆ, ಮೌಸ್ ಯಾರ ಮುಂದಿವೆಯೋ ಅವರ ಯಂತ್ರವೇ ಸರ್ವರ್. ಅದು ಕಮಲಾಪುರದಲ್ಲಿ, ಹುಡುಗನ ತೊಡೆಯ ಮೇಲಿದೆ. ಕಾಲೇಜಿನ ಎಸಿ ಕೋಣೆಯಲ್ಲಿರುವ ದುಬಾರಿ ಯಂತ್ರ ಇಲ್ಲಿ ಬರೀ ಅರ್ಜಿದಾರ: ಒಂದು ಕಿಟಕಿ ಬಿಡಿಸಲು ಜಾಗ ಕೊಡಿ ಎಂದು ಕೈಕಟ್ಟಿ ನಿಲ್ಲಬೇಕು. 'ಸರ್ವರ್ ಡೌನ್' ಎಂದರೆ ಬೆಂಗಳೂರಿನ ತಪ್ಪು ಎಂದು ನಂಬಿ ಇಡೀ ಸರ್ವಿಸು ಮುಗಿಸಿದವರಿಗೆ ಇದನ್ನು ತಿಳಿಸಿ ಹೇಳುವುದು ಹೇಗೆ?

ಅರ್ಜಿದಾರನಿಗೆ ಮೊದಲು ಬೇಕಾದದ್ದು ವಿಳಾಸ. ದೂರದ ಯಂತ್ರಕ್ಕೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್‌ಗೆ ದೊಡ್ಡ ಅಕ್ಷರದ ಎಕ್ಸ್ ಕೊಟ್ಟರೆ ಆ ವಿಳಾಸವನ್ನು ಅದೇ ಬರೆದುಕೊಡುತ್ತದೆ: ಸಾಮಾನ್ಯವಾಗಿ 'ಲೋಕಲ್‌ಹೋಸ್ಟ್:10.0', ಅಂದರೆ 6010ನೇ ಪೋರ್ಟ್. ಸಣ್ಣ ಅಕ್ಷರದ ಎಕ್ಸ್ ಕೊಟ್ಟರೆ 'ಕಿಟಕಿ ಬೇಡ' ಎಂದರ್ಥ. ಅರ್ಧ ಜಗಳ ಇಲ್ಲೇ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ಸೀನಿಯರುಗಳು. ಯಾವುದೋ ಪುರಾತನ ಬ್ಯಾಚಿನವರು ಎಲ್ಲರ ಬ್ಯಾಶ್‌ಆರ್‌ಸಿ ಕಡತದಲ್ಲಿ 'ಡಿಸ್‌ಪ್ಲೇ ಅಂದರೆ :0' ಎಂಬ ಸಾಲು ಸೇರಿಸಿ ಪಾಸಾಗಿ ಹೋಗಿದ್ದಾರೆ. :0 ಎಂದರೆ ಆ ಯಂತ್ರದ್ದೇ ಪರದೆ. ಎಸ್‌ಎಸ್‌ಎಚ್ ಬರೆದ ಸರಿಯಾದ ವಿಳಾಸವನ್ನು ಲಾಗಿನ್ ಆದ ಕೂಡಲೇ ಅದು ಅಳಿಸಿಹಾಕುತ್ತದೆ. ಆಮೇಲೆ ಕಿಟಕಿ ತೆರೆದರೂ ಬೀಗ ಹಾಕಿದ ಲ್ಯಾಬಿನ ಮಾನಿಟರಿನಲ್ಲೇ ತೆರೆದೀತು. ನೋಡಲು ಅಲ್ಲಿ ಹಲ್ಲಿಗಳಿವೆ. ಆ ಸಾಲು ತೆಗೆಯಲು ಯಾರಿಗೂ ಧೈರ್ಯವಿಲ್ಲ. ಹಿರಿಯರು ಬರೆದದ್ದು.

ವಿಳಾಸದ ಜೊತೆ ಗುರುತಿನ ಚೀಟಿಯೂ ಬೇಕು. ಅದನ್ನು ಬರೆಯುವುದು ಎಕ್ಸ್‌ಆಥ್ ಎಂಬ ಪುಟ್ಟ ಪ್ರೋಗ್ರಾಮು. ಕಾಲೇಜಿನ ಯಂತ್ರದಲ್ಲಿ ಅದು ಇನ್‌ಸ್ಟಾಲ್ ಆಗಿರದಿದ್ದರೆ ಚೀಟಿಯಿಲ್ಲ. ಹುಡುಗನ ಪಾಲಿನ ಡಿಸ್ಕ್ ಕೋಟಾ ಸಿನಿಮಾಗಳಿಂದ ತುಂಬಿದ್ದರೂ ಚೀಟಿಯಿಲ್ಲ, ಬರೆಯಲು ಜಾಗವೆಲ್ಲಿ? ಚೀಟಿ ಸಿಕ್ಕ ಮೇಲೂ 'ಸುಡೊ' ಹಾಕಿ ರೂಟ್ ಆಗಿ ಮೆರೆಯಲು ಹೋದರೆ ಅದು ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ಅಧಿಕಾರ ಬಂತು, ಕಿಟಕಿ ಹೋಯಿತು.

ಇವನ್ನೆಲ್ಲ ಒಂದೊಂದಾಗಿ ನೋಡಲು ಐದು ನಿಮಿಷ ಸಾಕು. ನಮ್ಮವರು ಅಷ್ಟು ಕಾಯುವವರಲ್ಲ. 'ಎಕ್ಸ್‌ಹೋಸ್ಟ್ ಪ್ಲಸ್' ಹೊಡೆಯಪಾ ಎನ್ನುತ್ತಾರೆ. ಅದರರ್ಥ: ನನ್ನ ಪರದೆಗೆ ಕೈಹಾಕುವ ಯಾರನ್ನೂ ಚೀಟಿ ಕೇಳಬೇಡ, ಪರದೆ ನೋಡಲಿ, ಒತ್ತಿದ ಪಾಸ್‌ವರ್ಡನ್ನೂ ಓದಲಿ. ಅಷ್ಟು ಉದಾರಿಯಾದರೂ ಕಿಟಕಿ ಬರುವುದಿಲ್ಲ. ಕಾಲೇಜಿನ ಕಡೆ ಚೀಟಿ ಇಲ್ಲದ್ದಕ್ಕೆ ಕಮಲಾಪುರದಲ್ಲಿ ಕಾವಲು ತೆಗೆದರೆ ಏನು ಬಂತು? ಅದು ಆಗದಿದ್ದರೆ ಎಸ್‌ಎಸ್‌ಎಚ್‌ಗೆ ದೊಡ್ಡ ಎಕ್ಸ್ ಬದಲು ದೊಡ್ಡ ವೈ ಹಾಕು ಎಂಬ ಸಲಹೆ. ಉಬುಂಟು ಲಿನಕ್ಸಿನಲ್ಲಿ ಏನನ್ನೂ ಬದಲಿಸದಿದ್ದರೆ ಎರಡೂ ಮಾಡುವ ಕೆಲಸ ಒಂದೇ.

ಎಲ್ಲ ಸರಿಹೋಯಿತು ಅನ್ನಿ. ಕಿಟಕಿ ಬರುತ್ತದೆ, ಬರುತ್ತಲೇ ಇರುತ್ತದೆ. ಕಮಲಾಪುರ ಇರುವುದು ಬೀದರ್ ದಾರಿಯಲ್ಲಿ, ಕಲಬುರಗಿಯಿಂದ 40 ಕಿಲೋಮೀಟರಿಗೂ ಕಡಿಮೆ. ಫೈಬರಿನೊಳಗಿನ ಬೆಳಕಿಗೆ ಅದು ಸೆಕೆಂಡಿನ 5000ದಲ್ಲಿ ಒಂದು ಪಾಲಿನ ದಾರಿ. ಆದರೆ ಕಾಲೇಜಿನ ಇಂಟರ್‌ನೆಟ್ ಒಂದು ಕಂಪನಿಯದು, ಮನೆಯದು ಇನ್ನೊಂದರದಾದರೆ ಮಾಹಿತಿ ಬೆಂಗಳೂರೋ ಹೈದರಾಬಾದೋ ಮುಂಬೈಯೋ ಸುತ್ತಿ ಬರುವುದೇ ಹೆಚ್ಚು. ನಮಗಿದು ಹೊಸದೇನಲ್ಲ. 2008ರಲ್ಲಿ ಹೈಕೋರ್ಟಿನ ಪೀಠ ಕಲಬುರಗಿಗೆ ಬರುವ ತನಕ ಇಲ್ಲಿನ ಬದುವಿನ ತಗಾದೆಯೂ ಬೆಂಗಳೂರಿನ ರೈಲು ಹತ್ತುತ್ತಿತ್ತು. ಕಕ್ಷಿದಾರ ವಾಯಿದೆಗೊಮ್ಮೆ ಹೋಗುತ್ತಿದ್ದ. ಎಕ್ಸ್ ಒಂದು ಮೆನು ಬಿಡಿಸಲು ಎಷ್ಟೋ ಸಲ ಹೋಗಿ, ಉತ್ತರ ಕೇಳಿ, ಮರಳಬೇಕು. "ದೊಡ್ಡ ಪ್ಯಾಕ್ ಹಾಕಿಸು" ಎಂಬ ಸಲಹೆ ಬರುತ್ತದೆ. ರಸ್ತೆ ಅಗಲವಾದ ಮಾತ್ರಕ್ಕೆ ಬೆಂಗಳೂರು ಹತ್ತಿರವಾಗುತ್ತದೆಯೆ?

ಈ ನಡುವೆ 2008ರಲ್ಲಿ ಶುರುವಾದ ವೇಲ್ಯಾಂಡ್ ಎಕ್ಸ್‌ನ ಜಾಗ ಹಿಡಿಯುತ್ತಿದೆ. 2025ರ ರೆಡ್ ಹ್ಯಾಟ್ ಲಿನಕ್ಸ್ 10ರಲ್ಲಿ ಹಳೆಯ ಎಕ್ಸ್ ಸರ್ವರೇ ಇಲ್ಲ. ಈ ಸುದ್ದಿ ಲ್ಯಾಬಿಗೆ ಇನ್ನೂ ಟಪಾಲಿನಲ್ಲಿ ಬಂದಿಲ್ಲ.

ಕೊನೆಗೆ ಹುಡುಗನೇ ಬ್ಯಾಶ್‌ಆರ್‌ಸಿಯ ಆ ಸಾಲು ಅಳಿಸಿ, ಪರೀಕ್ಷೆಗೆಂದು 'ಎಕ್ಸ್‌ಕ್ಲಾಕ್' ಓಡಿಸಿದ. ಪರದೆಯ ಮೇಲೆ ಗಡಿಯಾರ ಬಂತು. ಆದರೆ ಕಿಟಕಿ ಎಲ್ಲೇ ತೆರೆಯಲಿ, ಅದು ತೋರಿಸುವುದು ಕಾಲೇಜಿನ ಯಂತ್ರದ ವೇಳೆಯನ್ನು. ಆ ಯಂತ್ರಕ್ಕೆ ಭಾರತದ ಸಮಯ ಹೊಂದಿಸಿದವರಿಲ್ಲ. ಐದೂವರೆ ತಾಸು ಹಿಂದೆ. ಹುಡುಗ ಮತ್ತೆ ಫೋನ್ ಹಚ್ಚಿದ.

"ಟೈಮ್ ನೋಡೋದು ಬ್ಯಾರೆ ಸೆಕ್ಷನ್ ಅದಪಾ."