ಜೇನುಮಾವನ ಸುಗ್ಗಿ

ಪುತ್ತೂರು, ಸುಳ್ಯದ ಕಡೆ ಯಾವ ಊರಿಗೆ ಹೋದರೂ ಒಬ್ಬ ಜೇನುಮಾವ ಇದ್ದೇ ಇರುತ್ತಾರೆ. ಅವರ ನಿಜನಾಮಧೇಯ ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಅರವತ್ತೈದರ ಆಸುಪಾಸು, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಲುಂಗಿ, ಅಂಗಿಯ ಕಿಸೆಯಲ್ಲಿ ಕನ್ನಡಕಕ್ಕೆ ಜತೆಯಾಗಿ ಮೇಣ ಮೆತ್ತಿದ ಒಂದು ಸಣ್ಣ ಚೂರಿ. ಊರಿನ ಜೇನು ಸಂಘಕ್ಕೆ ಅವರೇ ಕಾರ್ಯದರ್ಶಿ. ಅಧ್ಯಕ್ಷರು ಬೇರೆ ಇದ್ದಾರೆ, ವರ್ಷಕ್ಕೊಮ್ಮೆ ಬಂದು ದೀಪ ಹಚ್ಚಿ ಹೋಗುತ್ತಾರೆ.

ವಸಂತ ಯುಗಾದಿಗೆ ಬರುವುದೋ ಬಿಸುವಿಗೆ ಬರುವುದೋ ಎಂಬ ಪಂಚಾಂಗದ ತರ್ಕ ಅವರಿಗೆ ಬೇಡ. ಮಾವು ಹೂ ಬಿಟ್ಟು, ರಬ್ಬರು ತೋಟದಲ್ಲಿ ಹಳೇ ಎಲೆ ಉದುರಿ ತಾಮ್ರಬಣ್ಣದ ಚಿಗುರು ಕಂಡಿತೆಂದರೆ ಮುಗಿಯಿತು, ಅದು ಜನವರಿಯಾದರೂ ವಸಂತವೇ. ಅಂದಿನಿಂದ ಅವರು ಮನುಷ್ಯರ ಕುಶಲ ವಿಚಾರಿಸುವ ರೀತಿಯೇ ಬೇರೆ. ಮದುವೆಮನೆಯಲ್ಲಿ ಎದುರಾದರೆ ಊಟ ಆಯಿತಾ, ಮಕ್ಕಳು ಹೇಗಿದ್ದಾರೆ ಎಂಬ ಪೀಠಿಕೆ ಇಲ್ಲ. ನೇರವಾಗಿ, “ಪರಾಗ ಬರ್ತಾ ಉಂಟಾ?” ಜೇನು ಸಾಕದವರು ಕಕ್ಕಾಬಿಕ್ಕಿಯಾಗುತ್ತಾರೆ. ಸಾಕಿದವರಿಗೆ ಮಾತ್ರ ಆ ಒಂದು ಪ್ರಶ್ನೆಯಲ್ಲಿ ಎಷ್ಟು ಪ್ರಶ್ನೆ ಇದೆಯೆಂದು ಗೊತ್ತು. ಹುಳುಗಳು ಹಿಂಗಾಲಿಗೆ ಹಳದಿ ಉಂಡೆ ಕಟ್ಟಿಕೊಂಡು ಒಳಗೆ ನುಗ್ಗುತ್ತಿದ್ದರೆ ಗೂಡಿನಲ್ಲಿ ಮರಿಗಳಿವೆ. ಮರಿಗಳಿದ್ದರೆ ರಾಣಿ ಮೊಟ್ಟೆಯಿಡುತ್ತಿದ್ದಾಳೆ. ಮುಚ್ಚಳ ತೆಗೆಯದೆಯೇ ಮನೆಯ ಯೋಗಕ್ಷೇಮ ತಿಳಿಯಿತು. “ಬರ್ತಾ ಉಂಟು” ಎಂದಿರಾದರೆ ಬಚಾವು. “ನೋಡಿಲ್ಲ” ಎಂದಿರೋ, ಮರುದಿನ ಬೆಳಿಗ್ಗೆ ನೀವು ಹಲ್ಲುಜ್ಜುವಾಗ ಅವರ ಸ್ಕೂಟರ್ ನಿಮ್ಮ ಅಂಗಳದಲ್ಲಿ ನಿಂತಿರುತ್ತದೆ.

ಹೊಸದಾಗಿ ಸಂಘ ಸೇರಿದ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಹೀಗೆ “ನೋಡಿಲ್ಲ” ಎಂದು ಸಿಕ್ಕಿಬಿದ್ದರು. ಅವರ ಹತ್ತಿರ ಆನ್‌ಲೈನಿನಲ್ಲಿ ತರಿಸಿದ ಬಿಳಿ ಕವಚ, ಮೊಣಕೈ ಮುಟ್ಟುವ ಗ್ಲೌಸು, ಬಲೆಯ ಮುಸುಕು ಎಲ್ಲ ಇದ್ದವು. ಅವನ್ನೆಲ್ಲ ತೊಟ್ಟು, ಜಿಪ್ಪು ಎಳೆದು, ಹೆಂಡತಿಯ ಕೈಯಲ್ಲಿ ಹಿಂದಿನಿಂದ ಪರೀಕ್ಷೆ ಮಾಡಿಸಿ ಹೊರಗೆ ಬರುವಷ್ಟರಲ್ಲಿ ಜೇನುಮಾವ ಎರಡು ಪೆಟ್ಟಿಗೆ ನೋಡಿ ಮುಗಿಸಿದ್ದರು. ಮೂರನೆಯದಕ್ಕೆ ತೆಂಗಿನ ಸಿಪ್ಪೆ ತುರುಕಿದ ಹೊಗೆತಿದಿಯಿಂದ ಎರಡೇ ಎರಡು ಸಲ ಮೆಲ್ಲಗೆ ಹೊಗೆ ಕೊಟ್ಟು, ಬರಿಗೈಯಲ್ಲಿ ಒಂದು ಚೌಕಟ್ಟು ಎತ್ತಿದರು. ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬೆಳಕು ಕಣಗಳ ತಳ ಮುಟ್ಟುವಂತೆ ಎರಿಯನ್ನು ಓರೆ ಮಾಡಿದರು.

“ಇಗೊಳ್ಳಿ. ನೆಟ್ಟಗೆ ನಿಂತದ್ದು ಇವತ್ತಿನ ಮೊಟ್ಟೆ. ವಾಲಿದ್ದು ನಿನ್ನೆಯದ್ದು. ಮಲಗಿದ್ದು ಮೊನ್ನೆಯದ್ದು. ಪಾಸ್‌ಬುಕ್ ಓದಿದ ಹಾಗೆ ಓದ್ತಾ ಹೋಗಿ ಮಾರಾಯ್ರೆ.”

ಮ್ಯಾನೇಜರರಿಗೆ ಮುಸುಕಿನೊಳಗೆ ಕನ್ನಡಕ, ಕನ್ನಡಕದ ಮೇಲೆ ಅವರದ್ದೇ ಉಸಿರಿನ ಮಂಜು. ಆದರೂ “ಹೌದು ಹೌದು” ಎಂದರು. ಜೇನುಮಾವನ ಬೆರಳು ಎರಿಯ ಕೆಳಗಿನ ಅಂಚಿಗೆ ಬಂದು ನಿಂತಿತು. ಅಲ್ಲಿ ತಲೆಕೆಳಗಾಗಿ ಜೋತುಬಿದ್ದ ಒಂದು ರಾಣಿಕಣ. “ನೋಡಿ, ಹೊಸ ರಾಣಿ ತಯಾರಾಗ್ತಾ ಉಂಟು. ಸುಮ್ಮನೆ ಬಿಟ್ಟರೆ ಹಳೇ ರಾಣಿ ಅರ್ಧ ಬಳಗ ಕಟ್ಟಿಕೊಂಡು ಹೊರಡ್ತದೆ. ಮನೆ, ಸಾಮಾನು, ದಾಸ್ತಾನು ಎಲ್ಲ ಚಿಕ್ಕವಳಿಗೆ ಬಿಟ್ಟು ಹೋಗುವುದು ದೊಡ್ಡವಳು. ನಮ್ಮಲ್ಲಿ ಅತ್ತೆ ಹೋದದ್ದು ಎಲ್ಲಿಯಾದರೂ ಕಂಡಿದ್ದೀರಾ?” ಜಗಲಿಯಲ್ಲಿ ಅಡಕೆ ಹೆರೆಯುತ್ತಿದ್ದ ಮ್ಯಾನೇಜರರ ತಾಯಿ ಮುಖ ಎತ್ತಿ ನೋಡಿದರು. ಜೇನುಮಾವ ಹೊಗೆತಿದಿಯನ್ನು ಯಾವುದೇ ಅಗತ್ಯವಿಲ್ಲದೆ ಇನ್ನೊಂದು ಸಲ ಒತ್ತಿದರು.

ಅಷ್ಟು ಕವಚ ತೊಟ್ಟರೂ ಕುಟುಕು ಬಿದ್ದದ್ದು ಮ್ಯಾನೇಜರರಿಗೇ, ಕಾಲ್ಚೀಲಕ್ಕೂ ಪ್ಯಾಂಟಿಗೂ ನಡುವಿನ ಒಂದು ಅಂಗುಲ ಜಾಗದಲ್ಲಿ. ಜೇನುಮಾವ ಉಗುರಿನಿಂದ ಕೊಂಡಿಯನ್ನು ಕೆರೆದು ತೆಗೆದು, ಆಮೇಲೆ ವಿಚಾರಣೆಗೆ ಇಳಿದರು. “ಬೆಳಿಗ್ಗೆ ಬಾಳೆಹಣ್ಣು ತಿಂದಿರಾ?” ತಿಂದಿದ್ದರು, ಕದಳಿ, ಎರಡು. “ಹಾಗೆ ಹೇಳಿ!” ಕುಟುಕಿದ ಹುಳು ಉಳಿದವಕ್ಕೆ ಅಪಾಯದ ಸುದ್ದಿ ಮುಟ್ಟಿಸಲು ಬಿಡುವ ವಾಸನೆ ಬಾಳೆಹಣ್ಣಿನದ್ದೇ, ಎರಡರಲ್ಲೂ ಇರುವ ರಾಸಾಯನಿಕ ಒಂದೇ. ಈ ಕಾರಣಕ್ಕೆ ಸಂಘದ ಸಭೆಯಲ್ಲಿ ಬಾಳೆಹಣ್ಣಿಗೆ ಪ್ರವೇಶವಿಲ್ಲ. ಸಭೆ ನಡೆಯುವ ಸೊಸೈಟಿಯ ಮಾಳಿಗೆಯಲ್ಲಿ ಒಂದು ಜೇನುಹುಳವೂ ಇಲ್ಲವಲ್ಲ ಎಂದರೆ, “ನಿಯಮ ಅಂದರೆ ನಿಯಮ” ಎನ್ನುತ್ತಾರೆ. ಗೋಳಿಬಜೆಗೆ ಅಡ್ಡಿಯಿಲ್ಲ.

ಸಭೆ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಮೂರಕ್ಕೆ. ಎಂದರೆ ಮೂರೂ ಮುಕ್ಕಾಲಿಗೆ. ಪೆಟ್ಟಿಗೆಯ ಸ್ಟ್ಯಾಂಡಿಗೆ ಇರುವೆ ಹತ್ತದಂತೆ ಕಾಲುಗಳ ಅಡಿಯ ಗೆರಟೆಯಲ್ಲಿ ನೀರು ಇಡಬೇಕೋ ಹಳೇ ಎಂಜಿನ್ ಎಣ್ಣೆಯೋ ಎಂಬ ವಿಷಯ ಮಳೆಗಾಲಕ್ಕೆ ಮೊದಲೇ ಶುರುವಾದದ್ದು ದೀಪಾವಳಿಗೂ ತೀರ್ಮಾನವಾಗಿರಲಿಲ್ಲ. ನೀರಿನ ಪಕ್ಷದವರು ಒಂದು ಬೆಂಚು, ಎಣ್ಣೆಯ ಪಕ್ಷದವರು ಎದುರಿನ ಬೆಂಚು. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಹುಡುಗನೊಬ್ಬ ಪೆಟ್ಟಿಗೆಯೊಳಗೆ ಸೆನ್ಸರ್ ಇಟ್ಟಿದ್ದಾನೆ. ಮರಿಗಳಿರುವ ಕಡೆ ಹೊರಗೆ ಚಳಿಯಿದ್ದರೂ ಬಿಸಿಲಿದ್ದರೂ 34, 35 ಡಿಗ್ರಿ ಬಿಟ್ಟು ಕದಲುವುದಿಲ್ಲ ಎಂದು ಮೊಬೈಲಿನಲ್ಲಿ ಗ್ರಾಫ್ ತೋರಿಸಿದ. ಜೇನುಮಾವ ಮೊಬೈಲನ್ನು ಹತ್ತಿರ ದೂರ ಹಿಡಿದು ನೋಡಿ, “ನಾನು ಮುಚ್ಚಳದ ಮೇಲೆ ಕೈ ಇಟ್ಟು ನೋಡ್ತೇನೆ. ಬೆಚ್ಚಗೆ ಇರ್ತದೆ” ಎಂದು ಹಿಂದಿರುಗಿಸಿದರು. ಮುಂದಿನ ತಿಂಗಳು ಆ ಹುಡುಗನೇ ಸಂಘದ ಜತೆ ಕಾರ್ಯದರ್ಶಿ. ಈ ಗದ್ದಲದಲ್ಲೆಲ್ಲ ಮೂಲೆಯಲ್ಲಿ ಒಬ್ಬ ಹೆಂಗಸು ಸುಮ್ಮನೆ ಕುಳಿತು ಚಹಾ ಕುಡಿದು ಹೋಗುತ್ತಾರೆ. ಸಂಘಕ್ಕೆ ಅತಿ ಹೆಚ್ಚು ಜೇನು ಹಾಕುವವರು ಅವರೇ. ನೀರೋ ಎಣ್ಣೆಯೋ ಎಂದು ಈವರೆಗೆ ಅವರನ್ನು ಯಾರೂ ಕೇಳಿಲ್ಲ.

ಹೊಸಬರಿಗೆ ಜೇನುಮಾವ ಕೊಡುವ ಉಪನ್ಯಾಸ ಪ್ರತಿ ವರ್ಷ ನ್ಯೂಟನ್ ಪೆಟ್ಟಿಗೆಯಿಂದ ಆರಂಭವಾಗುತ್ತದೆ, ಪ್ರತಿ ವರ್ಷ ಒಬ್ಬರಾದರೂ “ಸೇಬು ಬಿದ್ದ ನ್ಯೂಟನ್ನಾ?” ಎನ್ನುತ್ತಾರೆ. ಆ ಪ್ರಶ್ನೆಗೆ ಅವರು ಕಾಯುತ್ತಾರೆಂದೇ ನನ್ನ ಗುಮಾನಿ. “ಅವನಲ್ಲ. ಇವರು ತಿರುಚಿರಾಪಳ್ಳಿಯ ಪಾದ್ರಿಗಳು, ಫಾದರ್ ನ್ಯೂಟನ್. 1910ರ ದಶಕದಲ್ಲಿ ನಮ್ಮ ತುಡುವೆ ಜೇನಿನ ಅಳತೆಗೆ ಸರಿಯಾಗಿ ಪೆಟ್ಟಿಗೆ ಮಾಡಿಕೊಟ್ಟವರು. ಆ ನ್ಯೂಟನ್ ಬಿದ್ದದ್ದನ್ನು ನೋಡಿದ್ದು, ಈ ನ್ಯೂಟನ್ ಹಾರಿದ್ದನ್ನು ಹಿಡಿದದ್ದು.” ನಗು. ಅಲ್ಲಿಂದ ಅಮೆರಿಕದ ಲ್ಯಾಂಗ್‌ಸ್ಟ್ರಾತ್, 1851, ಎರಡು ಎರಿಗಳ ನಡುವೆ ಹುಳು ಓಡಾಡಲು ಬೇಕಾದ ಕಿರುದಾರಿ. ಅಲ್ಲಿಂದ ಭಾಗಮಂಡಲದಲ್ಲಿ ತಾವು ತರಬೇತಿಗೆ ಹೋದಾಗಿನ ಚಳಿ. ಅಲ್ಲಿಂದ, ಯಾವ ದಾರಿಯಿಂದ ಎಂದು ಯಾರಿಗೂ ತಿಳಿಯದೆ, ಸದಸ್ಯತ್ವ ನವೀಕರಣ. ಕಂಕುಳಲ್ಲಿದ್ದ ರಶೀದಿ ಪುಸ್ತಕ ಮೇಜಿಗೆ ಬರುತ್ತದೆ.

ತುಡುವೆಗೆ ಒಂದು ಗುಣವುಂಟು. ಇರುವೆ ಕಾಟವೋ, ಮೇಣದ ಹುಳುವೋ, ಉಪವಾಸವೋ, ಯಾವುದಾದರೂ ಹಿಡಿಸದಿದ್ದರೆ ಹೇಳದೆ ಕೇಳದೆ ಇಡೀ ಕುಟುಂಬವೇ ಪೆಟ್ಟಿಗೆ ಖಾಲಿ ಮಾಡಿ ಪರಾರಿಯಾಗುತ್ತದೆ. ಸಂಘದ ಹೊಸ ಸದಸ್ಯರದ್ದೂ ಹೆಚ್ಚುಕಡಿಮೆ ಇದೇ ಜಾತಕ. ಮೊದಲ ವರ್ಷ ಪೆಟ್ಟಿಗೆಗೆ ಬಣ್ಣ, ಪೂಜೆ, ಫೋಟೋ. ಎರಡನೆಯ ಮಳೆಗಾಲಕ್ಕೆ ಪೆಟ್ಟಿಗೆ ಕೊಟ್ಟಿಗೆಯ ಅಟ್ಟಕ್ಕೆ. ಜೇನುಮಾವನಿಗೆ ಇದು ತಿಳಿಯದ್ದಲ್ಲ. ಆದ್ದರಿಂದ ಆಟಿಯ ಮಳೆಯಲ್ಲಿ, ಯಾರೂ ಯಾರ ಮನೆಗೂ ಹೋಗದ ಹೊತ್ತಿನಲ್ಲಿ, ಅವರು ಕೊಡೆ ಹಿಡಿದು ಮನೆಮನೆ ತಿರುಗುತ್ತಾರೆ. ನೆಪ ಏನಾದರೂ ಇರುತ್ತದೆ, ಒಂದು ಹಳೇ ಚೌಕಟ್ಟು, ಒಂದು ತುಂಡು ಮೇಣ. ಕುಳಿತು ಎರಡು ಮಾತಾಡಿ, ಹಪ್ಪಳ ತಿಂದು, ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ ಹೋಗುತ್ತಾರೆ. ಪೆಟ್ಟಿಗೆ ಅಟ್ಟ ಹತ್ತಿದ್ದರೆ ಅಟ್ಟಕ್ಕೂ ಹತ್ತುತ್ತಾರೆ. ಗೇರು ತೋಟದವರಿಗೆ ಹೂ ಬಿಡುವ ಹೊತ್ತಿಗೆ ಫೋನು: “ಔಷಧ ಹೊಡೆಯದೆ ಆಗುವುದಿಲ್ಲ, ಗೊತ್ತುಂಟು. ಸಂಜೆ ಮೇಲೆ ಹೊಡೆಯಿರಿ, ಹುಳುಗಳು ಮನೆಗೆ ಬಂದಿರ್ತವೆ.” ಹತ್ತರಲ್ಲಿ ಮೂರು ಜನ ಕೇಳಿದರೂ ಅವರಿಗೆ ಅದು ಬಹುಮತ.

ಈ ಅಂಟಿಗೆ ಒಂದು ಕಾರಣವಿದೆ. ಅದನ್ನು ಹೇಳುವಾಗ ಮಾತ್ರ ಅವರು ತಮಾಷೆ ಮಾಡುವುದಿಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ಬಡಿಯಿತು. ಮರಿಹುಳುಗಳು ಬೆಳೆಯುವ ಮೊದಲೇ ಕಣದೊಳಗೆ ತಲೆಯೆತ್ತಿಕೊಂಡು, ನೀರು ತುಂಬಿದ ಚೀಲವಾಗಿ ಸಾಯತೊಡಗಿದವು. ಕುಟುಂಬಗಳಲ್ಲಿ ಶೇ. 90ಕ್ಕೂ ಹೆಚ್ಚು ಅಳಿದವು. ಹಲಸಿನ ಮರದ ಹಲಗೆಯ ಒಳ್ಳೊಳ್ಳೆ ಪೆಟ್ಟಿಗೆಗಳಲ್ಲಿ ಕೋಳಿ ಮರಿ ಮಾಡಿದವು, ಉಳಿದವು ಬಚ್ಚಲೊಲೆಗೆ ಹೋದವು. ಆಗ ಮೂವತ್ತರ ಹರೆಯದ ಜೇನುಮಾವನಿಗೆ ಒಂದು ಪೆಟ್ಟಿಗೆಯೂ ಉಳಿಯಲಿಲ್ಲ. ಹೇಗೋ ಬದುಕಿ ಉಳಿದ ಕುಟುಂಬವೊಂದು ಗುಡ್ಡದಾಚೆಯ ಯಾರೋ ಒಬ್ಬರ ಮನೆಯ ಹಿಂದೆ ಮರದ ಪೊಟರೆಯಲ್ಲಿ ಇತ್ತು. ಸುದ್ದಿ ತಿಳಿದದ್ದು ಸಂಘದ ಸಭೆಯಲ್ಲಿ, ನಾಲ್ಕೇ ಜನ ಬಂದಿದ್ದ ಸಭೆ. ಅದು ಬಲವಾದ ಮೇಲೆ ಪಾಲು ಮಾಡಿ ಒಂದನ್ನು ಇವರಿಗೆ ಕೊಟ್ಟರು. “ನಾಲ್ಕು ಜನವೂ ಬಾರದೆ ಇರ್ತಿದ್ದರೆ?” ಎನ್ನುತ್ತಾರೆ. ಮರುಕ್ಷಣವೇ, “ನಿಮ್ಮದು ಈ ವರ್ಷದ ವಂತಿಗೆ ಬಾಕಿ ಉಂಟಲ್ಲ?”

ಅವರ ಮರ್ಯಾದೆಗೆ ಕುಂದು ತರುವ ಸಂಗತಿ ಒಂದೇ, ಸಕ್ಕರೆ. ಮಳೆಗಾಲದಲ್ಲಿ ಹೂವಿಲ್ಲದ ಹುಳುಗಳಿಗೆ ಸಕ್ಕರೆ ಪಾಕ ಕೊಡಲೇಬೇಕು, ಒಂದು ಪಾಲು ನೀರಿಗೆ ಒಂದು ಪಾಲು ಸಕ್ಕರೆ. ಹೀಗಾಗಿ ಆಟಿಯಲ್ಲಿ ಅವರ ಸ್ಕೂಟರಿನ ಮುಂದೆ ಸಕ್ಕರೆ ಮೂಟೆ. ಸುಗ್ಗಿಯಲ್ಲಿ ಅದೇ ಸ್ಕೂಟರಿನ ಮುಂದೆ ಜೇನಿನ ಕ್ಯಾನು. ಅಂಗಡಿಕಟ್ಟೆಯವರಿಗೆ ಎರಡನ್ನೂ ಕೂಡಿಸಿ ಲೆಕ್ಕ ಮಾಡಲು ಯಾವ ಮೇಷ್ಟರೂ ಬೇಡ. ಅದರ ಮೇಲೆ ರಬ್ಬರಿನ ಜೇನು ಬೇಗ ಹರಳುಗಟ್ಟುತ್ತದೆ. ಬಾಟಲಿಯ ತಳದಲ್ಲಿ ಬಿಳಿ ಕಂಡದ್ದೇ ಗಿರಾಕಿ ಕೊಂಡುಹೋದ ಬಾಟಲಿಯನ್ನು ವಾಪಸು ತಂದು ಹುಬ್ಬೇರಿಸುತ್ತಾನೆ. ಜೇನುಮಾವ ತಾಳ್ಮೆಯಿಂದ ವಿವರಿಸುತ್ತಾರೆ: ಇದು ಗ್ಲುಕೋಸಿನ ಗುಣ, ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ, ಇನ್ನು ರಬ್ಬರಿನ ಜೇನು ಹೂವಿನದ್ದೇ ಅಲ್ಲ, ಮೂರು ಎಳೆಯ ಎಲೆ ಕೂಡುವಲ್ಲಿ ತೊಟ್ಟಿನ ತುದಿಯಿಂದ ಒಸರುವ ರಸ. ಗಿರಾಕಿಗೆ ಕೊನೆಯ ವಾಕ್ಯ ಮಾತ್ರ ಕೇಳಿಸುತ್ತದೆ. “ಹೂವಿನದ್ದಲ್ಲವಾ!” ಎಂದು ಊರಿಡೀ ಹೇಳಿಕೊಂಡು ಬರುತ್ತಾನೆ. ನೀರಿಗೆ ಹಾಕಿ ನೋಡುವವರು, ಬೆಂಕಿಕಡ್ಡಿ ಅದ್ದಿ ಗೀರುವವರು, ಅಸಲಿ ಜೇನನ್ನು ನಾಯಿ ಮೂಸುವುದಿಲ್ಲವೆಂದು ನಾಯಿಯನ್ನೇ ಕರೆತರುವವರು ಬೇರೆ. ಕಳೆದ ಸಲ ಬಂದ ನಾಯಿ ಚೆನ್ನಾಗಿ ನೆಕ್ಕಿತು. ಯಜಮಾನ ಜೇನು ಬಿಟ್ಟು ಹೋದ, ನಾಯಿ ಹೋಗಲೊಪ್ಪಲಿಲ್ಲ. ಒಳಗಿನಿಂದ ಜೇನುಮಾವನ ಹೆಂಡತಿಯ ತೀರ್ಪು ಮಾತ್ರ ಸದಾ ಒಂದೇ: “ಈ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಮುಗಿದರೂ ಹುಳಕ್ಕೆ ಮುಗಿಯುವುದಿಲ್ಲ.”

ಇಷ್ಟಾದರೂ ಸಂಘದ ಸದಸ್ಯರ ಸಂಖ್ಯೆ ಇಳಿಯದಿರುವ ಗುಟ್ಟನ್ನು ನಾನು ಕಣ್ಣಾರೆ ಕಂಡದ್ದು ಶಿವರಾತ್ರಿಯ ಹೊತ್ತಿಗೆ, ಪೇಟೆಯ ಹೊಸ ಬಡಾವಣೆಯಲ್ಲಿ. ಬೇರೆ ಊರಿನಿಂದ ಬಂದು ನೆಲೆಸಿದ ಗಂಡ ಹೆಂಡತಿಯ ಗೇಟಿನ ಪಕ್ಕದ ನಂದಿಬಟ್ಟಲಿನ ಕೊಂಬೆಗೆ ಮೊಳದುದ್ದದ ಜೇನುಗೊಂಚಲು ಬಂದು ಕುಳಿತಿತ್ತು. ಕಿಟಕಿ ಬಾಗಿಲೆಲ್ಲ ಬಂದ್. ಗಂಡನ ಕೈಯಲ್ಲಿ ಜಿರಲೆಗೆ ಹೊಡೆಯುವ ಸ್ಪ್ರೇ. ಪಕ್ಕದ ಮನೆಯವರು ಜೇನುಮಾವನಿಗೆ ಫೋನು ಮಾಡಿದ್ದರು. ಅವರು ದಾರಿಯಲ್ಲೇ ಬ್ಯಾಂಕ್ ಮ್ಯಾನೇಜರರ ಮನೆಗೆ ನುಗ್ಗಿ, ಮರಿಗಳಿರುವ ಒಂದು ಎರಿಯನ್ನು ಚೌಕಟ್ಟು ಸಮೇತ ಸಾಲ ಎತ್ತಿಕೊಂಡು, ಖಾಲಿ ಪೆಟ್ಟಿಗೆಯೊಂದಿಗೆ ಬಂದಿಳಿದರು. ಮುಸುಕಿಲ್ಲ, ಗ್ಲೌಸಿಲ್ಲ.

“ಹೆದರಬೇಡಿ. ಹೊರಡುವಾಗ ಹೊಟ್ಟೆ ತುಂಬ ಜೇನು ಕುಡಿದು ಹೊರಟವು. ಕಾಯಲಿಕ್ಕೆ ಮನೆ ಮಕ್ಕಳು ಯಾವುದೂ ಇಲ್ಲ. ಈಗ ಯಾರನ್ನೂ ಕಚ್ಚುವ ಮನಸ್ಸು ಅವಕ್ಕಿಲ್ಲ” ಎನ್ನುತ್ತ ಗೊಂಚಲಿನೊಳಗೆ ಅಂಗೈ ತೂರಿಸಿ, ಹಿಡಿ ಹಿಡಿಯಾಗಿ ಪೆಟ್ಟಿಗೆಗೆ ಇಳಿಸಿದರು. ಉಳಿದವು ತಾವಾಗಿ ಸಾಲುಗಟ್ಟಿ ಒಳಗೆ ಹೋದವು, ರಾಣಿ ಒಳಗಿದ್ದಾಳೆಂಬುದಕ್ಕೆ ಅದೇ ಸಾಕ್ಷಿ. ಮರಿಗಳ ಎರಿ ಇಟ್ಟರೆ ಅವನ್ನು ಬಿಟ್ಟು ಹೋಗಲಾರವು. ನಾಲ್ಕು ದಿನಕ್ಕೆ ದ್ವಾರಕ್ಕೊಂದು ರಾಣಿತಡೆ. ಕೆಲಸ ಮುಗಿಯಿತು. ಕಿಟಕಿಯಲ್ಲಿ ಎರಡು ಮುಖ, ಆಮೇಲೆ ಬಾಗಿಲಲ್ಲಿ, ಆಮೇಲೆ ಅಂಗಳದಲ್ಲಿ.

“ತುಂಬಾ ಉಪಕಾರವಾಯಿತು. ಪೆಟ್ಟಿಗೆ ಯಾವಾಗ ತೆಗೆದುಕೊಂಡು ಹೋಗ್ತೀರಿ?” ಎಂದರು ಗಂಡ.

“ನಾನ್ಯಾಕೆ? ನಿಮ್ಮ ಮನೆ ಹುಡುಕಿಕೊಂಡು ಬಂದದ್ದು.”

“ಅಯ್ಯೋ, ನಮಗೆ ಜೇನು ಸಾಕಿ ಗೊತ್ತಿಲ್ಲ.”

“ಅವಕ್ಕೆ ಗೊತ್ತುಂಟು. ಭಾನುವಾರ ಮೂರು ಗಂಟೆಗೆ ಸೊಸೈಟಿ ಮಾಳಿಗೆಗೆ ಬನ್ನಿ.” ರಶೀದಿ ಪುಸ್ತಕ ಸ್ಕೂಟರಿನ ಸೀಟಿನ ಮೇಲೆ ಬಿಚ್ಚಿಕೊಂಡಿತು. ಕಾರ್ಬನ್ ಹಾಳೆ ಸರಿಮಾಡಿ, ಪೆನ್ನು ಕೊಡವಿ, ಜೇನುಮಾವ ತಲೆ ಎತ್ತಿದರು. “ಹೆಸರು?”

ಗಂಡ ತಮ್ಮ ಹೆಸರು ಹೇಳಲು ಬಾಯಿ ತೆರೆದರು.

“ನಿಮ್ಮದು ಬೇಡ, ಇವರದ್ದು ಬರೆಯುವ” ಎಂದು ಜೇನುಮಾವ ಹೆಂಡತಿಯ ಕಡೆ ಪೆನ್ನು ತೋರಿಸಿದರು. “ಪೆಟ್ಟಿಗೆಯೊಳಗೂ ಗಂಡುಗಳಿಗೆ ಕೆಲಸ ಇಲ್ಲ.”