ಊರಿಗೆ ಮೈಕು, ಕಿವಿಗೆ ಬಿರಡೆ

ಹೊಳೆಆಲೂರಿನಲ್ಲಿ ಕಣ್ಣು ಮುಚ್ಚಲು ಮೊದಲು ಒಂದು ಕೌದಿ ಸಾಕಿತ್ತು. ಈಗ ಕೌದಿಯೊಳಗೆ ಬ್ಲೂಟೂತ್ ಬೇಕು. ಗದಗ–ಹುಟಗಿ ಹಳಿಯ ಮೇಲೆ ಗೂಡ್ಸ್ ಗಾಡಿ ಹಾರ್ನ್ ಹೊಡೆಯುತ್ತದೆ, ಓಣಿಯ ನಾಯಿಗಳು ಅದಕ್ಕೆ ಉತ್ತರ ಕೊಡುತ್ತವೆ, ಎರಡನ್ನೂ ಮೀರಿಸಿ ಯಾರದೋ ಮದುವೆಯ ಡಿಜೆ.

‘ಕಾಯ್ದೆ ಇಲ್ಲೇನ್ರೀ?’ ಐತ್ರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಂದ್; ವಸತಿ ಪ್ರದೇಶದ ರಾತ್ರಿ ಮಿತಿ 45 ಡೆಸಿಬೆಲ್. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆವರೆಗೆ ಸಡಿಲಿಸಬಹುದು. ಯಾವ 15 ಎಂಬುದನ್ನು ಮಾತ್ರ ಆಯಾ ಓಣಿಯೇ ಆಯಾ ರಾತ್ರಿ ತೀರ್ಮಾನಿಸಿಕೊಳ್ಳುತ್ತದೆ. ಹೀಗಾಗಿ ನಿಯಮ ಜಾರಿಯ ಹೊಣೆ ಠಾಣೆಯಿಂದ ಇಳಿದು ಮಲಗುವವನ ಕಿವಿಗೆ ಬಂದಿದೆ, ಅದೂ ಅವನದೇ ರೊಕ್ಕದಲ್ಲಿ.

ಕೊಳ್ಳುವುದು ಯಾವುದನ್ನು? ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನು ಅಂಗಾತ ಅಲ್ಲಾಡದೆ ಮಲಗುವವರಿಗೆ, ಅಂದರೆ ಹೆಣಕ್ಕೆ. ಬಡ್ಸ್ ಹಾಕಿ ಮಗ್ಗುಲಾದರೆ ಮುಂಜಾನೆ ಏಳುವುದು ಕಿವಿನೋವು. ಬಟ್ಟೆಯ ಪಟ್ಟಿಯೊಳಗೆ ಚಪ್ಪಟೆ ಸ್ಪೀಕರ್ ಹೊಲಿದದ್ದೊಂದು ಬಂದಿದೆ. ನೋಡಲು ತಲೆಶೂಲೆಗೆ ಅರಿವೆ ಕಟ್ಟಿದ ಹಾಗಿದ್ದರೂ ಮಗ್ಗುಲಲ್ಲಿ ಒತ್ತದ್ದು ಅದೊಂದೇ. ನಮ್ಮ ಏಪ್ರಿಲ್ ಧಗೆಗೆ ಅದನ್ನು ದಿನಾ ಹಿಂಡಿ ಒಣಹಾಕಬೇಕಾದೀತು.

ಇನ್ನು ಸದ್ದನ್ನು ಸದ್ದಿನಿಂದಲೇ ಅಳಿಸುವ ಜಾತಿ. 1978ರಲ್ಲಿ ವಿಮಾನದಲ್ಲಿ ಕೂತಾಗ ಅಮರ್ ಬೋಸ್‌ಗೆ ಹೊಳೆದ ವಿದ್ಯೆ ಇದು. ತಂದೆ ಬಂಗಾಳದವರು, ಅಮೆರಿಕದಲ್ಲಿ ಹುಟ್ಟಿದ ಮಗ 1964ರಲ್ಲಿ ಕಟ್ಟಿದ ಕಂಪನಿ ಮೊದಲು ಸದ್ದು ಮಾರಿತು, ಆಮೇಲೆ ಸದ್ದಿಲ್ಲದಿರುವುದನ್ನೂ ಮಾರಿತು. ವ್ಯಾಪಾರ ಅಂದರೆ ಇದು! ಆದರೆ ಆ ವಿದ್ಯೆ ಚೆನ್ನಾಗಿ ನಡೆಯುವುದು ಎಂಜಿನ್ನು, ಫ್ಯಾನಿನಂಥ ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದಿನ ಮೇಲೆ. ಹಾರ್ನು, ಬೊಗಳು, ‘ಹಲೋ ಮೈಕ್ ಟೆಸ್ಟಿಂಗ್’ ಅದಕ್ಕೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಡಿಜೆಯ ಗುದ್ದಂತೂ ಕಿವಿಯ ಹಂಗಿಲ್ಲದೆ ನೇರ ಎದೆಗೂಡಿಗೇ ಇಳಿಯುತ್ತದೆ.

ಅದೇ ಕಂಪನಿ 2018ರಲ್ಲಿ ನಿದ್ದೆಗೆಂದೇ ಪುಟ್ಟ ಬಡ್ಸ್ ತಂದಿತು. ಬೆಲೆ 249 ಡಾಲರ್. ಹಾಡು ಬರುತ್ತಿರಲಿಲ್ಲ, ತುಂಬಿಟ್ಟ ಹರಿವ ನೀರಿನಂಥ ಸದ್ದುಗಳಷ್ಟೇ. ಮರುವರ್ಷವೇ ಬ್ಯಾಟರಿ ಕೈಕೊಟ್ಟು ವಾಪಸ್ ಪಡೆಯಿತು. ಅಮೆರಿಕದವರು ರೊಕ್ಕ ಕೊಟ್ಟು ಹೊಳೆಯ ಸದ್ದು ಕೇಳಿದರೆಂದು ನಗಬೇಡಿ. ಬೇಸಿಗೆಯಲ್ಲಿ ಮಲಪ್ರಭೆ ಒಣಗಿ ಮರಳಿನ ಟ್ರ್ಯಾಕ್ಟರ್ ಸದ್ದೇ ಉಳಿದಾಗ ನಮಗೂ ಅದೇ ಗತಿ.

ಮಳೆಗಾಲದ್ದು ಬೇರೆ ಕಥೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ದಂಡೆಯ ಊರುಗಳು ಗಂಟುಮೂಟೆ ಕಟ್ಟಿದವು. ಅಂಥ ರಾತ್ರಿ ಮೈಕಿನಲ್ಲಿ ಕೂಗಿದ್ದು ಕೇಳಲೇಬೇಕು. ಆದ್ದರಿಂದ ನನ್ನ ಶಿಫಾರಸು ಒಂದೇ ಬಡ್: ಒಂದು ಕಿವಿ ನಿದ್ದೆಗೆ, ಇನ್ನೊಂದು ಜಲಾಶಯಕ್ಕೆ. ‘ಒಂಟಿ ಮಾರೂದಿಲ್ರೀ’ ಅನ್ನುತ್ತಾನೆ ಅಂಗಡಿಯವ. ಜೋಡಿಯನ್ನೇ ಕೊಂಡು ಉಳಿದದ್ದನ್ನು ಡಿಜೆಯವನಿಗೆ ಆಯೇರಿ ಮಾಡಿ. ರಾತ್ರಿಯಿಡೀ ಆ ಪೆಟ್ಟಿಗೆಗಳ ಮಗ್ಗುಲಲ್ಲೇ ನಿಂತಿರುತ್ತಾನೆ, ಪಾಪ.