ಲಜ್ಜಾದಿಗ್ವಿಜಯ

ಸಂಕೋಚಸ್ವಭಾವದವರು ಲೋಕದಲ್ಲಿ ಮುಂದೆ ಬರಲಾರರೆಂಬ ಪೂರ್ವಪಕ್ಷವನ್ನು ನಮ್ಮ ಹಿರಿಯರು ಮದುವೆಯ ಮಾತುಕತೆಯಿಂದ ಹಿಡಿದು ನೌಕರಿಯ ಸಂದರ್ಶನದವರೆಗೆ ಎಲ್ಲೆಡೆಯೂ ಸಾಧಿಸುತ್ತ ಬಂದಿರುವುದರಿಂದ, ಅದನ್ನು ಬುಡಸಮೇತ ಖಂಡಿಸುವ ಸಲುವಾಗಿ ಪ್ರಕೃತ ಗ್ರಂಥಕರ್ತನು ಮಲೆನಾಡಿನ ಅಡಕೆತೋಟದ ಅಂಚಿನಲ್ಲಿ ಕುಳಿತು, ಮುಟ್ಟಿದರೆ ಮುನಿಯೆಂದೂ ನಾಚಿಕೆಮುಳ್ಳೆಂದೂ ಪ್ರಖ್ಯಾತವಾದ ಗಿಡವನ್ನೇ ಸಾಕ್ಷಿಗೆ ಕರೆಯಬೇಕಾಯಿತು. ಅಮೆರಿಕ ಖಂಡದ ಉಷ್ಣವಲಯ ಇದರ ತವರು. ಅಲ್ಲಿಂದ ಹೊರಟು, ಯಾರನ್ನೂ ತಲೆಯೆತ್ತಿ ನೋಡದೆ, ಏಷ್ಯದ ಬಯಲು, ಬದು, ತೋಟ, ಶಾಲೆಯ ಆಟದ ಮೈದಾನಗಳನ್ನೆಲ್ಲ ವಶಪಡಿಸಿಕೊಂಡ ಈ ಮಹನೀಯನಿಗೆ ಲಿನೇಯಸನು 1753ರಲ್ಲಿ ‘ಮೈಮೋಸ ಪುಡಿಕ’ ಎಂದು ನಾಮಕರಣ ಮಾಡಿ ಲಜ್ಜಾಶೀಲರ ಪಂಕ್ತಿಯಲ್ಲಿ ಕೂರಿಸಿದನು. ದಿಗ್ವಿಜಯಿಗಳ ಪಂಕ್ತಿಯಲ್ಲಿ ಕೂರಿಸಬೇಕಾಗಿತ್ತೆಂಬುದು ನಮ್ಮ ಸಿದ್ಧಾಂತ.

ಮೊದಲು ಪ್ರತ್ಯಕ್ಷಪ್ರಮಾಣ. ಎಲೆಯ ತುದಿಯನ್ನು ಬೆರಳಿನಿಂದ ಸೋಕಿದೊಡನೆ ಎದುರುಬದುರಾದ ಕಿರುಪತ್ರಗಳು ಜೋಡಿಜೋಡಿಯಾಗಿ ಮುಚ್ಚಿಕೊಳ್ಳುತ್ತ ಬುಡದ ಕಡೆಗೆ ಸರಿದು, ಸೋಂಕು ಬಲವಾಗಿದ್ದರೆ ತೊಟ್ಟೇ ಕುಸಿದು ಜೋತುಬೀಳುತ್ತದೆ. ತೊಟ್ಟಿನ ಬುಡದಲ್ಲೊಂದು ಪುಟ್ಟ ಗಂಟುಂಟು. ಸೋಂಕಿನ ವಾರ್ತೆ ವಿದ್ಯುತ್ತಿನ ರೂಪದಲ್ಲಿ ಅಲ್ಲಿಗೆ ಮುಟ್ಟುತ್ತಲೇ ಅದರ ಕೆಳಮಗ್ಗುಲಿನ ಜೀವಕೋಶಗಳು ಪೊಟ್ಯಾಸಿಯಂ ಅಯಾನುಗಳನ್ನೂ ಅವುಗಳ ಬೆನ್ನಿಗೇ ನೀರನ್ನೂ ಹೊರಚೆಲ್ಲಿ ಬಿಗಿಗುಂದುತ್ತವೆ. ಲಜ್ಜೆಯು ನೀರಿನ ವ್ಯವಹಾರವೆಂದು ಇಷ್ಟರಿಂದ ಸಿದ್ಧವಾಯಿತು. ಫ್ರೆಂಚ್ ಶರೀರಶಾಸ್ತ್ರಜ್ಞ ಕ್ಲೋದ್ ಬೆರ್ನಾರನು ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಈಥರಿನ ಆವಿಯಲ್ಲಿಟ್ಟಾಗ ಎಷ್ಟು ಮುಟ್ಟಿದರೂ ಮುದುಡದೆ ನಿಂತಿತು. ಅಮಲೇರಿದಾಗ ನಾಚಿಕೆ ಬಿಡುವುದು ಮನುಷ್ಯಜಾತಿಯ ಗುತ್ತಿಗೆಯಲ್ಲವೆಂಬುದನ್ನು ಪಾನನಿಷೇಧದ ಪ್ರಚಾರಕರು ಗಮನಿಸತಕ್ಕದ್ದು. ಆದರೆ ಇವೆಲ್ಲಕ್ಕಿಂತ ಮುಖ್ಯವಾದುದು ಬೇರೊಂದಿದೆ. ಎಲೆಗಳೆಲ್ಲ ಮಡಿಸಿಕೊಂಡು ಮರೆಯಾದ ಆ ಗಳಿಗೆಯಲ್ಲಿ ಕಾಂಡದ ಮುಳ್ಳುಗಳು ಒಂದಿಷ್ಟೂ ಬಾಗದೆ, ಅಷ್ಟು ಹೊತ್ತು ಹಸುರಿನಲ್ಲಿ ಅಡಗಿದ್ದುವು ಈಗ ಇನ್ನೂ ಚೆನ್ನಾಗಿ ಎದ್ದುಕಾಣುತ್ತವೆ.

ಇನ್ನು ಅನುಮಾನ. ದೆಫೋಂತೇನನೆಂಬ ಸಸ್ಯಶಾಸ್ತ್ರಿ ಈ ಗಿಡಗಳನ್ನು ಗಾಡಿಯಲ್ಲೇರಿಸಿ ಪ್ಯಾರಿಸಿನ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿದನೆಂದು ಪ್ರತೀತಿ. ಮೊದಲ ಕುಲುಕಾಟಕ್ಕೆ ಮುದುಡಿದ ಎಲೆಗಳು, ಗಾಡಿ ಇನ್ನೂ ಓಡುತ್ತಿರುವಾಗಲೇ, ಭಯವಿಲ್ಲವೆಂದು ಕಂಡುಕೊಂಡು ಅರಳಿದುವಂತೆ. ಲಾಭವಿಲ್ಲದೆಡೆಯಲ್ಲಿ ಲಜ್ಜೆಯನ್ನು ವ್ಯರ್ಥಮಾಡದ ಈ ಮಿತವ್ಯಯವನ್ನು ಸ್ವಭಾವವೆನ್ನಲಾದೀತೇ? ರಾಜನೀತಿಯೆನ್ನಬೇಕು.

ಉಪಮಾನಕ್ಕೆ ದೂರ ಹೋಗಬೇಕಿಲ್ಲ. ಸಂತರ್ಪಣೆಯ ಪಂಕ್ತಿಯಲ್ಲಿ ಎರಡು ಕೈಗಳನ್ನೂ ಎಲೆಗೆ ಅಡ್ಡ ಹಿಡಿದು “ಸಾಕು, ಸಾಕು, ಬಡಿಸಬೇಡಿ” ಎನ್ನುತ್ತಲೇ ಬೆರಳಸಂದಿಯಿಂದ ಹೋಳಿಗೆಗೆ ದಾರಿ ಬಿಡುವ ಹಿರಿಯರನ್ನು ಬಲ್ಲವರು, ಮೇಲೆ ಎಲೆ ಮುಚ್ಚಿಕೊಂಡು ಕೆಳಗೆ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಗಳನ್ನು ಸಾಕಿಕೊಂಡು ಗಾಳಿಯ ಸಾರಜನಕವನ್ನೇ ಉಣ್ಣುವ ಈ ದ್ವಿದಳಕುಲೋತ್ಪನ್ನನ ಮರ್ಮವನ್ನು ಥಟ್ಟನೆ ಅರಿಯುವರು. ಶಬ್ದಪ್ರಮಾಣವನ್ನು, ಗಿಡ ಬಾಯಿಬಿಡದ ಕಾರಣ, ಕೈಬಿಡಲಾಗಿದೆ.

ಉಳಿದ ಆಕ್ಷೇಪ ಒಂದೇ; ಅದನ್ನೆತ್ತಿದವನು ತೋಟದ ಆಳು. “ನಾಚ್ಕೆನೂ ಇಲ್ಲ, ಮಣ್ಣೂ ಇಲ್ಲ, ಏಳಿ ಸ್ವಾಮಿ ಆಚೆಗೆ” ಎಂದು ಅವನು ಗುದ್ದಲಿಯಿಂದ ಸಾಕ್ಷಿಯನ್ನು ಬೇರುಸಹಿತ ಕಿತ್ತೆಸೆದಾಗ ಶಾಸ್ತ್ರವೆಲ್ಲ ನಿರುತ್ತರವಾದಂತೆ ತೋರಿತು. ಆದರೆ ಸಂಜೆ ಅವನು ಪಕ್ಕದ ತೋಟದ ಕೆಲಸಕ್ಕೆಂದು ಬದು ದಾಟುವಾಗ, ರೋಮಗಳಿಂದ ಅಂಚುಕಟ್ಟಿದ ಅದರ ಚಪ್ಪಟೆ ಕಾಯಿಯ ತುಂಡುಗಳು ಅವನ ಪಂಚೆಗೆ ಮೊಣಕಾಲಿನವರೆಗೂ ಅಂಟಿಕೊಂಡಿದ್ದುವು.